ಹಾವಿನ ಕೋಲು

ಮೊದಲೇ ಹೇಳಿಬಿಡುತ್ತೇನೆ, ನನಗೆ
ಮಿಣಮಿಣ ಬೇಡ.
ತಲೆಬುರುಡೆ, ಬೆಂಕಿ ನಾಲಗೆ, ಬಾಯ್ದೆರೆದ ಡ್ರ್ಯಾಗನ್,
ಇಸ್ಪೀಟು ರಾಣಿಯ ಅರ್ಧ ಮುಖ,
ಇವೆಲ್ಲ ಲಾರಿಯ ಬೆನ್ನಿಗೆ ಒಪ್ಪುತ್ತವೆ,
ಪೂಲ್ ಆಡುವ ಕೋಲಿಗಲ್ಲ.
ಮುತ್ತಿನ ಚಿಪ್ಪಿನ ಚುಕ್ಕೆ ಒಂದೆರಡಾದರೆ ಸರಿ,
ಮೂಗುಬೊಟ್ಟಿನಷ್ಟು.
ಬುಡದಿಂದ ತುದಿಗೆ ಜರಿಯೇ ಆದರೆ
ಬಿಳಿ ಚೆಂಡಿಗೂ ನಾಚಿಕೆ.

ನನ್ನದು ಆ್ಯಶ್ ಮರ.
ಉಜ್ಜಿದ ಮೈಯಲ್ಲಿ ನರ ಎದ್ದು ಕಾಣುತ್ತದೆ,
ಒಂದರ ಹಿಂದೊಂದು ಬಾಣದ ಗುರುತು.
ಬುಡ ಕರಿಮರ. ಎರಡೂ ಬೆಸೆಯುವಲ್ಲಿ ನಾಲ್ಕು ಗೋಪುರ,
ಒಂದು ಮಾತ್ರ ಕೂದಲೆಳೆಯಷ್ಟು ಕುಳ್ಳು.
ಕೆತ್ತುವಾಗ ಆ ಪುಣ್ಯಾತ್ಮ ಸೀನಿದನೋ ಏನೋ.
ಆ ಕುಳ್ಳು ಇಲ್ಲದಿದ್ದರೆ
ಇದನ್ನು ನಾನು ಕೊಳ್ಳುತ್ತಿರಲಿಲ್ಲ.
ಗಂಡ ಕೇಳುತ್ತಾನೆ, ಇದಕ್ಕೂ ಪೊರಕೆ ಕೋಲಿಗೂ
ಏನು ವ್ಯತ್ಯಾಸ.
ನಾನೂರು ಡಾಲರು, ಅನ್ನುತ್ತೇನೆ.

ಅಪ್ಪ ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು
ಬೊಂಬೆಗೆ ಅರಗಿನ ಬಣ್ಣ ಹಿಡಿಸುತ್ತಿದ್ದ,
ಹಳದಿ, ಕೆಂಪು, ಗಿಳಿಹಸಿರು,
ಅವನ ಉಗುರಿನ ಸಂದಿಯಲ್ಲೂ, ನಮ್ಮ ಚಾಪೆಯಲ್ಲೂ.
ಮನೆಯಲ್ಲಿ ಬಣ್ಣ ತಾಕದ್ದು ಒಂದೇ, ಲಟ್ಟಣಿಗೆ.
ಹಿಟ್ಟಿಗಿಳಿದರೆ ಯಾರು ತಿಂತಾರೆ, ಅಂತ ಅಮ್ಮ.
ಎಣ್ಣೆ, ಬೆವರು ಕುಡಿಕುಡಿದು ಅದು ತಾನೇ
ಜೇನಿನ ಹಾಗಾಗಿತ್ತು.
ಯಾರೂ ಬಳಿಯದ ಬಣ್ಣ.

ಜುಲೈ. ಬ್ಯಾಲರಟ್ಟಿನ ಚಳಿ.
ಕ್ಲಬ್ಬಿನ ಹೀಟರು ಕೆಮ್ಮುತ್ತದೆ,
ನೆಲಗಂಬಳಿಯಲ್ಲಿ ಹೋದ ವಾರದ ಬಿಯರು.
ಮಂಗಳವಾರದ ಪಂದ್ಯ, ಎದುರಿಗೆ ಮರ್ಲೀನ್,
ಶಾಲೆ ಬಸ್ಸು ಓಡಿಸುವವಳು, ಅರವತ್ತಮೂರು.
ಉದ್ದನೆಯ ಪೆಟ್ಟಿಗೆ ತೆರೆದಳು, ಹೊರಬಂತು
ಹಾವು.
ಬುಡದಿಂದ ಸುತ್ತಿ ಸುತ್ತಿ ಏರಿದ ಹಸಿರು,
ಹೊಟ್ಟೆಗೆ ಹೊಳಪಿನ ಪುಡಿ,
ಕಣ್ಣಿಗೆ ಕೆಂಪು ಗಾಜು,
ಸೀಳುನಾಲಗೆ ಹಿತ್ತಾಳೆ ಕೀಲಿನ ತನಕ.
ಅಯ್ಯೋ ಶಿವನೇ, ಅಂದೆ ಕನ್ನಡದಲ್ಲಿ.
ಥ್ಯಾಂಕ್ಸ್ ಡಾರ್ಲ್, ಅಂದಳು.
ಆಮೇಲೆ ನನ್ನದನ್ನು ಮೇಲೆ ಕೆಳಗೆ ನೋಡಿ,
ಸಾವಿನ ಮನೆಗೆ ತಗೊಂಡು ಹೋಗೋ ಊರುಗೋಲು, ಅಂದಳು.

ಮೂರನೇ ಆಟ. ಎರಡು ಕೆಂಪು ಉಳಿದಿದ್ದವು, ಆಮೇಲೆ ಕಪ್ಪು.
ಹೊಡೆದೆ. ಚೆಂಡು ಹೇಗೋ ಒಳಗೆ ಬಿತ್ತು,
ಕೋಲಿನ ತೊಗಲು ತುದಿ ಕಳಚಿ ಹಾರಿ
ಯಾರದೋ ಚಿಪ್ಸಿನ ತಟ್ಟೆಗೆ.
ಗೋಡೆಗೊರಗಿದ ಕ್ಲಬ್ಬಿನ ಕೋಲುಗಳು
ಎಲ್ಲವೂ ಮುಪ್ಪಿಗೆ ಬಾಗಿದ್ದವು.
ಮರ್ಲೀನ್ ತನ್ನದನ್ನು ಚಾಚಿದಳು.
ಹೋದ ತಿಂಗಳು ಇವಳೇ ಹೆಸರಿನ ಅರ್ಥ ಕೇಳಿದ್ದಳು,
ನಾಗವೇಣಿ ಅಂದರೆ ಹಾವಿನಂಥ ಜಡೆಯವಳು ಅಂದಿದ್ದೆ.
ಕಿವಿಯ ಮಟ್ಟಕ್ಕೆ ಕತ್ತರಿಸಿದ ನನ್ನ ಕೂದಲು ನೋಡಿ
ಅವತ್ತು ಸುಮ್ಮನಿದ್ದಳು.
ಇವತ್ತು ಅಂದಳು, ತಗೋ, ನಿನ್ನ ಜಡೆ.

ಬಾಗಿದೆ. ಕಣ್ಣು ಚೆಂಡಿನ ಮೇಲಿದ್ದರೆ
ಹಾವು ಕಾಣುವುದೇ ಇಲ್ಲ.
ಇರುವುದು ತೂಕ ಮಾತ್ರ,
ಅಂಗೈಗೆ ಒರಗಿಕೊಂಡು
ತುದಿಗೆ ಅವಸರ ಕಲಿಸದ ತೂಕ.
ಕೆಂಪು ಹೋಯಿತು.
ಕಪ್ಪು, ಮೂಲೆಯ ತುಟಿಯ ಮೇಲೆ ಒಂದಿಷ್ಟು ಯೋಚಿಸಿ,
ಹೋಯಿತು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಹೋಗಿ
ಪಾಪದ ಹಾವನ್ನು ಯಾಕೆ ಸಾಯಿಸಬೇಕು ಎಂದು
ಮರ್ಲೀನಳಿಂದ ಬೈಸಿಕೊಂಡೆ.

ಇಷ್ಟಾದ ಮೇಲೆ ನನ್ನ ರುಚಿ ಬದಲಾಯಿತು ಅಂದುಕೊಂಡಿರಾ?
ಇಲ್ಲ. ಅದು ಕುರೂಪಿಯೇ.
ಅಂಗೈ ಮಾತ್ರ ಬೇರೇನೋ ಹೇಳುತ್ತದೆ;
ಮಂಗಳವಾರದಿಂದ ಕಣ್ಣಿಗೂ ಕೈಗೂ
ಮಾತುಕತೆ ಇಲ್ಲ.

ಹೊಸ ತುದಿ ಹಾಕಿಸಲು ಹೋದಾಗ
ದುರಸ್ತಿಯವನು ಕನ್ನಡಕ ಏರಿಸಿ ಬುಡ ತಿರುಗಿಸಿದ.
ಈ ನಾಲ್ಕನೆಯದು ಸ್ವಲ್ಪ ಗಿಡ್ಡ ಇದೆ,
ಬೇಕಾದರೆ ಸರಿಮಾಡಿಕೊಡಲೇ, ಅಂದ.

ಮುಟ್ಟಿ ನೋಡು, ಅಂದೆ.