ಸೀಸದ ಅಕ್ಷರ

ಕೋಟೆ ರಸ್ತೆಯಿಂದ ಶುರು. ನೂರಾ ಹದಿನೇಳು ಕಟ್ಟಡ,
ಎರಡು ಸ್ಮಶಾನ, ಒಂದು ಬತ್ತಿದ ಬಾವಿ.
ಒಂದೊಂದಕ್ಕೆ ನಾಲ್ಕು ಫೋಟೋ, ನಲವತ್ತು ರೂಪಾಯಿ.
ಅಳತೆಗೋಲು ಹಿಡಿಯಲು ಇಮ್ತಿಯಾಜ್.
ಕೆಂಪು ಬಿಳಿ ಪಟ್ಟಿಯ ಕೋಲಿನ ಪಕ್ಕ
ಉಸಿರು ಬಿಗಿಹಿಡಿದು ನಿಲ್ಲುತ್ತಾನೆ,
ಕಟ್ಟಡವೆಲ್ಲಿ ಅಲುಗಾಡಿಬಿಡುತ್ತದೋ ಎಂಬಂತೆ.

ಬೆಳಿಗ್ಗೆ ಏಳೂವರೆಯ ಬಿಸಿಲು ಅಡ್ಡಡ್ಡ ಬೀಳುತ್ತದೆ.
ಗಾರೆಯ ಕೆಲಸ ಮೇಲೇಳುವುದು ಆಗಲೇ:
1934 ಎಂಬ ಇಸವಿ, ಎಡಕ್ಕೊಂದು ಬಲಕ್ಕೊಂದು ಸಿಂಹ.
ಒಂದಕ್ಕೆ ಮೂತಿಯಿಲ್ಲ, ಇನ್ನೊಂದರ ಬಾಯೊಳಗಿಂದ
ಕೇಬಲ್ ಟೀವಿಯ ವೈರು.
ಕೆಳಗೆ ಜೆರಾಕ್ಸ್ ಅಂಗಡಿಯ ಫ್ಲೆಕ್ಸು.

'ಯಾಕ್ರೀ ಫೋಟೋ? ರಸ್ತೆ ಅಗಲ ಮಾಡ್ತಾರಾ?'
ಜಗುಲಿಯಲ್ಲಿ ಹಲ್ಲುಜ್ಜುತ್ತಿದ್ದವರು ನೊರೆಬಾಯಲ್ಲೇ ಕೇಳಿದರು.
ಕೆಡವಲಿಕ್ಕೋ ಉಳಿಸಲಿಕ್ಕೋ
ನನಗೂ ಹೇಳಿಲ್ಲ. 'ಹಳೇದು ಅಂತ' ಅಂದೆ.
'ಹಳೇದಾದ್ರೆ ನಮ್ಮತ್ತೇನೂ ಇದ್ದಾರೆ, ತೆಗೀರಿ'
ಒಳಗಿನಿಂದ ಯಾರೋ ನಕ್ಕರು.
ಅತ್ತೆ ನಿಜಕ್ಕೂ ಬಂದು ನಿಂತರು, ಸೆರಗು ಸರಿಮಾಡಿಕೊಂಡು,
ಕಂಬದ ಕೆತ್ತನೆಗೆ ಸರಿಯಾಗಿ ಅಡ್ಡ.
ಸ್ವಲ್ಪ ಸರೀರಿ ಅನ್ನಲು ಬಾಯಿ ಬರಲಿಲ್ಲ.
ಆ ಕಂಬ ದಾಖಲೆಯಲ್ಲಿ ಅರ್ಧವೇ ಇದೆ.

ಸ್ಮಶಾನದ ಗೇಟಿಗೆ ಬೀಗವಲ್ಲ, ಸೈಕಲ್ ಚೈನು.
ಬಿಚ್ಚುವವನ ಹೆಸರು ಆರೋಗ್ಯಪ್ಪ.
'ಗುಂಡಿ ತೋಡೋನಿಗೆ ಇಂಥಾ ಹೆಸರಿಟ್ರು ನೋಡಿ' ಎಂದು
ನಾವು ನಗುವ ಮೊದಲು ತಾನೇ ಹೇಳಿ ಮುಗಿಸಿದ.

ಲಂಟಾನ ಸರಿಸಿದರೆ ಕಲ್ಲು, ಕಲ್ಲಿನ ಮೇಲೆ ಪಾಚಿ,
ಪಾಚಿಯಡಿ ಅಕ್ಷರವಲ್ಲ,
ಅಕ್ಷರ ಕೂತಿದ್ದ ತೂತುಗಳು.
ಕ್ಷೌರದಂಗಡಿಯಿಂದ ಎರವಲು ತಂದ ಕನ್ನಡಿಯನ್ನು
ಇಮ್ತಿಯಾಜ್ ಬಿಸಿಲಿಗೊಡ್ಡಿದ. ಬೆಳಕು
ಪಕ್ಕದಿಂದ ಕಲ್ಲಿನ ಮೇಲೆ ತೆವಳಿ ಬಂತು,
ತೂತಿನಲ್ಲಿ ನೆರಳು ತುಂಬಿತು.
ವಯಸ್ಸು ಓದಲಿಕ್ಕಾಯಿತು: ಹನ್ನೊಂದು ದಿನ.
ಹೆಸರು ಕೂಡಿಬರಲಿಲ್ಲ.

ಆರೋಗ್ಯಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.
'ಸೀಸದ್ದಿತ್ತು ಮೇಡಂ. ನಾನೇ ಕಿತ್ತಿದ್ದು.
ನಾನು, ಬಸ್ಯ, ಚಿನ್ನಪ್ಪನ ಮಗ. ಐದನೇ ಕ್ಲಾಸು.
ಗಾಳಕ್ಕೆ ಭಾರ ಬೇಕಲ್ಲ, ತುಂಗೆ ಸೆಳವಿಗೆ
ಬರೀ ದಾರ ನಿಲ್ಲೋದಿಲ್ಲ.
ಓ ಆದ್ರೆ ಕಟ್ಟೋಕೆ ಸಲೀಸು. ಐ ಜಾರಿಹೋಗೋದು.
ಎಬಿಸಿಡಿ ಆಗಷ್ಟೇ ಶುರುವಾಗಿತ್ತು,
ಮೇಷ್ಟ್ರು ಬೋರ್ಡಲ್ಲಿ ಬರೆದ್ರೆ
ಲೇ, ನಮ್ಮ ಗಾಳದ್ದು ಅಂತ ಗುರುತು ಸಿಗೋದು.'

'ಮೀನು ಸಿಕ್ತಿತ್ತಾ?' ಇಮ್ತಿಯಾಜ್ ಕೇಳಿದ.
'ಸಿಗದೇ ಏನು! ಮನೇಲಿ ಹುಳಿ ಮಾಡೋರು.
ಬಂಡೆ ಸಂದೀಲಿ ಸಿಕ್ಕೊಂಡು ದಾರ ಹರೀತು ಅಂದ್ರೆ
ಅಕ್ಷರ ಅಲ್ಲೇ. ಇನ್ನೊಂದು ಕೀಳೋದು.'

ಆ ಮಗುವಿನ ಹೆಸರು ಸೇತುವೆಯ ಕೆಳಗೆ
ಬಿಡಿಬಿಡಿಯಾಗಿ ಬಿದ್ದಿದೆ, ಮರಳು ತುಂಬಿಕೊಂಡು.
ಕಲ್ಲಿಗೆ ನಾಲ್ಕು ಫೋಟೋ ತೆಗೆದೆ. ಐದನೆಯದು
ಅವನ ಬೆರಳಿನದು. ಯಾಕೆಂದು ಗೊತ್ತಿಲ್ಲ.

ಹೊರಡುವಾಗ ಗೋಡೆಯ ಮೂಲೆಗೆ ಕರೆದ.
'ಇಲ್ಲೊಂದು ತೆಗೀರಿ.'
ಇಲ್ಲೇನಿದೆ ಅಂತ ನೋಡಿದೆ. ಹುಲ್ಲು,
ಮುಟ್ಟಿದರೆ ಮುನಿ, ಯಾರೋ ಎಸೆದ ಹಾಲಿನ ಪ್ಯಾಕೆಟ್ಟು.
ಪ್ಯಾಕೆಟ್ಟನ್ನು ಅವನೇ ಹೆಕ್ಕಿ ಜೇಬಿಗಿಟ್ಟುಕೊಂಡ.
'ಕಲ್ಲು ಹಾಕ್ಸೋಕಾಗ್ಲಿಲ್ಲ' ಅಂದ.
ಯಾರಿಗೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಇಮ್ತಿಯಾಜ್ ಹೇಳಿಸಿಕೊಳ್ಳದೆ
ಹುಲ್ಲಿನ ಪಕ್ಕ ಕೋಲು ಊರಿ ಉಸಿರು ಬಿಗಿಹಿಡಿದ.

ಪಟ್ಟಿ ನೂರಾ ಇಪ್ಪತ್ತಕ್ಕೆ ಮುಗಿಯಬೇಕಿತ್ತು.
ನೂರಾ ಇಪ್ಪತ್ತೊಂದು, ಎಂದು ಬರೆದೆ.
ಎತ್ತರ: ನಲವತ್ತು ಸೆಂಟಿಮೀಟರು, ಗಾಳಿ ಇಲ್ಲದಾಗ.

ಹತ್ತಕ್ಕೆ ಅಂಗಡಿ ತೆಗೆಯುತ್ತಾರೆ, ಕನ್ನಡಿ ವಾಪಸ್ಸಾಗಬೇಕು.
ಇಮ್ತಿಯಾಜನ ಕಂಕುಳಲ್ಲಿ ಅದು ಬಿಸಿಲು ಹಿಡಿದು
ಬೀದಿಯುದ್ದಕ್ಕೂ ಗೋಡೆಯಿಂದ ಗೋಡೆಗೆ ನೆಗೆಯಿತು,
ಮೂತಿಯಿಲ್ಲದ ಸಿಂಹದ ಮೇಲೆ ಒಂದು ಗಳಿಗೆ ನಿಂತು
ಜೆರಾಕ್ಸ್ ಅಂಗಡಿಯವನ ಕಣ್ಣಿಗೆ ಹೊಡೆಯಿತು.
ಅವನು ಬೈದ.