ಹೊಟ್ಟೆ ಸೀಳಿದ ಪ

ಮಂಗಳವಾರ ನಾಲ್ಕೂವರೆಗೆ ಅಂಗಡಿಯ ಶಟರ್ ಎಳೆದು
ಹಂಪನಕಟ್ಟೆಯಿಂದ ಜೆಪ್ಪುವಿಗೆ ಬಸ್ಸು ಹಿಡಿಯುತ್ತೇನೆ.
ಚೀಲದಲ್ಲಿ ಅಂದಿನ ಪೇಪರು, ಹೋದ ವರ್ಷದ ಪಂಚಾಂಗ,
ಲೈಬ್ರರಿ ಮೊಹರಿನ ಒಂದು ಪ್ರವಾಸದ ಪುಸ್ತಕ, ನೀರಿನ ಬಾಟ್ಲಿ.
ಓದುವವರು ಬೇಕಾಗಿದ್ದಾರೆ ಎಂದು ನೋಟೀಸು ಟೈಪ್ ಮಾಡಿಸಲು ಬಂದ
ಸಿಸ್ಟರಿಗೆ, ಚಿಲ್ಲರೆ ಎಣಿಸುತ್ತಾ, ನಾನು ಬರಲೇ ಎಂದಿದ್ದೆ.
ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಉದ್ದ ಚಾವಡಿಯಲ್ಲಿ ಒಂಬತ್ತು ಕುರ್ಚಿ.
ಗಿರಿಜಾ ಪುತ್ರನ್ ತಲೆಯ ಮೇಲೆ ಇಲ್ಲದ ಬುಟ್ಟಿ ಸರಿಮಾಡುತ್ತಾರೆ.
ಮೈಮುನಾ ಬ್ಯಾರ್ತಿ ಸೆರಗಿನ ತುದಿಯನ್ನು ಬೀಡಿಯ ಎಲೆಯಂತೆ ಸುರುಟುತ್ತಾರೆ.
ಪಡಿಯಾರ್ ಮಾಸ್ಟ್ರಿಗೆ ಮೊದಲ ಸಾಲಿಗೇ ನಿದ್ದೆ.
ಬಂಗುಡೆ ಕಿಲೋಗೆ ಮೂವತ್ತು ಎಂದು ಒಮ್ಮೆ ತಪ್ಪಿ ಓದಿದೆ.
"ಯಾವ ದಕ್ಕೆಯಲ್ಲಿ?" ಗಿರಿಜಕ್ಕ ಎದ್ದೇ ನಿಂತರು.
ಆ ತಿಂಗಳು ಅವರಾಡಿದ್ದು ಅಷ್ಟೇ.

ಕಿಟಕಿಯ ಹತ್ತಿರ ಬೆನೆಟ್ ಅಮ್ಮನ್ನ.
ಸೀಸದ ಮೊಳೆ ಜೋಡಿಸಿ ನಲವತ್ತೊಂದು ವರ್ಷ
ಬಲ್ಮಠದ ಇಳಿಜಾರಿನ ಒಂದು ಪ್ರೆಸ್ಸಿನಲ್ಲಿ; ಈಗ ಅಲ್ಲಿ ಪಾರ್ಕಿಂಗು.
ಮಗಳು ಬಂದರೆ "ಎರಡನೇ ಪ್ರೂಫ್ ತಂದಿರಾ?" ಎನ್ನುತ್ತಾರೆ.
ಆಕೆ ಹೂಂ ಎಂದು ಕೈಚೀಲದಿಂದ ಕರೆಂಟ್ ಬಿಲ್ಲು ಕೊಡುತ್ತಾಳೆ.
ತಲೆಕೆಳಗಾಗಿ ಹಿಡಿದು ಓದುತ್ತಾರೆ, ಸರಾಗವಾಗಿ.
ತಪ್ಪು ತಿಳಿಯಬೇಡಿ, ಅದು ಕಸುಬು;
ಮೊಳೆಯ ಸಾಲು ಕಾಣುವುದೇ ಹಾಗೆ.

ಮೊದಲ ದಿನ ನನ್ನ ಹೆಸರು ಕೇಳಿದರು. ಪ್ರಪುಲ್ಲ ಎಂದೆ.
"ಹೊಟ್ಟೆ ಸೀಳಿದ 'ಪ'ವೋ, ಸೀಳದ್ದೋ?"
ನನ್ನದು ತುಳು ನಾಲಿಗೆ. ಮಹಾಪ್ರಾಣಗಳು
ಬಾಯಿಗೆ ಬರುವಾಗ ಅರ್ಧ ಉಸಿರು ದಾರಿಯಲ್ಲೇ ಬಿಟ್ಟು ಬರುತ್ತವೆ.
ಸೀಳಿದ್ದೇ, ಎಂದೆ.
"ಹಾಗಿದ್ದರೆ ಹೇಳುವಾಗಲೂ ಸೀಳಿ."

ಆಮೇಲೆ ನಾನು ಓದಿದ್ದಕ್ಕಿಂತ ಅವರು ತಿದ್ದಿದ್ದೇ ಹೆಚ್ಚು.
ಬೂಮಿ ಅಂದರೆ ಕಣ್ಣು ಮುಚ್ಚಿಕೊಂಡೇ "ಭೂ".
ಕಟಿಣ ಅಂದರೆ ಬೆರಳೆತ್ತಿ "ಠ".
ದನಸಹಾಯ ಅಂದಾಗ ಮಾತ್ರ ನಕ್ಕುಬಿಟ್ಟರು:
"ಎಷ್ಟು ಸೇರು ಕರೆಯುತ್ತದೆ?"
ಮಗಳ ಹೆಸರು ಹೋಯಿತು, ಹೆಂಡತಿ ತೀರಿಕೊಂಡದ್ದು ಹೋಯಿತು,
ಊಟ ಆಯಿತೋ ಇಲ್ಲವೋ ಹೋಯಿತು;
ಒತ್ತು, ದೀರ್ಘ, ಸೊನ್ನೆ
ಒಂದೂ ಅಲ್ಲಾಡಲಿಲ್ಲ.

ಬೇಕೆಂದೇ ತಪ್ಪು ಓದತೊಡಗಿದೆ, ಸುಳ್ಳೇಕೆ.
ಪ್ಯಾರಾಕ್ಕೊಂದು, ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ.
ಅವರು ನೀರಿನ ಮೇಲಕ್ಕೆ ಬರುತ್ತಿದ್ದರು
ಒಂದು ಅಕ್ಷರದಷ್ಟು ಹೊತ್ತು.

ನನ್ನ ಕೆಲಸ ಏನೆಂದು ಅವರು ಕೇಳಲಿಲ್ಲ.
ಡಿಟಿಪಿ. ಮದುವೆ ಕಾಗದ, ಉತ್ತರಕ್ರಿಯೆಯ ಕಾರ್ಡು, ಬಾಡಿಗೆ ಕರಾರು.
ಅವರ ಮೊಳೆಗಳನ್ನು ಗುಜರಿಯ ತಕ್ಕಡಿಗೆ ಹಾಕಿಸಿದ್ದು
ನನ್ನಂಥವರ ಕೀಬೋರ್ಡು.
ಹೇಳಬೇಕೆಂದುಕೊಂಡೆ. ಹೇಳಲಿಲ್ಲ.
ಅಕ್ಷರವನ್ನು ಅಷ್ಟು ಬೇಗ ಹೇಗೆ ನೆಟ್ಟಗೆ ಕೂರಿಸುತ್ತಿದ್ದಿರಿ, ಎಂದು ಕೇಳಿದೆ.
"ಮೊಳೆಯ ಮೈಯಲ್ಲಿ ಒಂದು ಗೀರು ಉಂಟು.
ಗೀರು ಹೊರಗೆ ಬರಬೇಕು.
ಕಣ್ಣಲ್ಲಿ ನೋಡ್ಲಿಕ್ಕಿಲ್ಲ ಮಾರಾಯ್ತಿ, ಹೆಬ್ಬೆರಳಿಗೆ ಗೊತ್ತಾಗ್ಬೇಕು."

ಕಳೆದ ಮಂಗಳವಾರ ಹೆಸರು ಕೇಳಲಿಲ್ಲ.
ಬೂಮಿ ಎಂದೆ. ನೇತ್ರಾವತಿ ಸೇತುವೆಯ ಕಡೆಗೆ ರೈಲೊಂದು ಹೋಯಿತು.
ಕಟಿಣ ಎಂದೆ. ಗಿರಿಜಕ್ಕ ಬುಟ್ಟಿ ಕೆಳಗಿಳಿಸಿದರು.
ದನಸಹಾಯ ಎಂದೆ, ಜೋರಾಗಿ.
ಪಡಿಯಾರ್ ಮಾಸ್ಟ್ರಿಗೆ ಎಚ್ಚರವಾಯಿತು, ಅಷ್ಟೇ.
ತಿದ್ದುವವರಿಲ್ಲದೆ ನನ್ನ ತಪ್ಪುಗಳು
ಚಾವಡಿಯ ತುಂಬಾ ಬಿದ್ದಿದ್ದವು.

ಪುಸ್ತಕ ಮುಚ್ಚಿ ಅವರ ಎಡಗೈಯ ಮೇಲೆ ಕೈಯಿಟ್ಟೆ.
ಹೆಬ್ಬೆರಳು ಮಡಚಿಯೇ ಇತ್ತು, ಸಾಲು ತಡೆದು ಹಿಡಿದವರಂತೆ.
ತುಸು ಹೊತ್ತಿಗೆ ಬಲಗೈ ಬಂತು.
ನನ್ನ ತೋರುಬೆರಳನ್ನು ಎತ್ತಿ, ಸುತ್ತ ಸವರಿ,
ಏನನ್ನೋ ಹುಡುಕಿತು. ಉಗುರು ಸಿಕ್ಕಿತು.
ಬೆರಳನ್ನು ತಿರುಗಿಸಿ, ಉಗುರನ್ನು ಹೊರಗೆ ಮಾಡಿ,
ಪಕ್ಕದ ಬೆರಳಿಗೆ ಒತ್ತಿ ನೆಟ್ಟಗೆ ಕೂರಿಸಿ
ಮುಂದಿನದಕ್ಕೆ ಕೈ ಚಾಚಿದರು.