ದುಭಾಷಿಯ ವೋಚರ್

ಎರಡು ದಿನ. ದಿನಕ್ಕೆ ಮೂರು ಸಾವಿರ,
ಊಟ ಅಲ್ಲೇ, ಆಟೋ ಬಾಡಿಗೆ ಬೇರೆ.
ಬೆನ್ಸನ್ ಟೌನಿನ ಸಭಾಂಗಣ, ಮೊದಲ ಮಹಡಿ,
ಆರು ಫ್ಯಾನುಗಳಲ್ಲಿ ಒಂದಕ್ಕೆ ಕೆಮ್ಮು.
ಇಂಗ್ಲಿಷನ್ನು ಕನ್ನಡ ಮಾಡುವುದು, ಕನ್ನಡವನ್ನು ಇಂಗ್ಲಿಷು,
ಇಷ್ಟೇ ಕೆಲಸ. ಅಳುವುದು ಅದರಲ್ಲಿ ಸೇರಿಲ್ಲ.

ಲೆಸೊತೊದಿಂದ ಬಂದವಳು ಮಾಲೆರಾಟೊ.
ಮಾ ಅಂದರೆ ತಾಯಿ, ಲೆರಾಟೊ ಅಂದರೆ ಅಕ್ಕರೆ,
ಮಗಳು ಹುಟ್ಟುವ ಮೊದಲೇ
ಗಂಡನ ಮನೆಯವರು ಇಟ್ಟ ಹೆಸರಂತೆ.
ಏಪ್ರಿಲ್ಲಿನ ಸೆಕೆಯಲ್ಲೂ ಹೆಗಲ ಮೇಲೆ ಕಂಬಳಿ.
ಗಂಡ ಗಡಿ ದಾಟಿ ಹೋಗಿ
ಪಕ್ಕದ ದೇಶದ ನೆಲದೊಳಗೆ ಇಪ್ಪತ್ತೆರಡು ವರ್ಷ
ಚಿನ್ನದ ಬಂಡೆ ಒಡೆದ.
ಮನೆಗೆ ತಂದದ್ದು ಒಂದು ಟ್ರಂಕು, ಒಂದು ರೇಡಿಯೋ,
ಎರಡು ಪುಪ್ಪುಸದ ತುಂಬ ಕಲ್ಲಿನ ಪುಡಿ.
ಪರಿಹಾರ ಬೇಕಾದರೆ
ಸತ್ತ ಮೇಲೆ ಆ ಪುಪ್ಪುಸ ಕಳಿಸಿ, ನೋಡುತ್ತೇವೆ, ಅಂದರಂತೆ.
ಕಳಿಸಿದಳು.
ಉತ್ತರ ಇನ್ನೂ ಬರಬೇಕು.

ಅವಳು ಸೆಸೊತೊದಲ್ಲಿ ಹೇಳುತ್ತಾಳೆ,
ಪಕ್ಕದ ವಕೀಲ ಹುಡುಗ ಇಂಗ್ಲಿಷು ಮಾಡುತ್ತಾನೆ,
ನಾನು ಕನ್ನಡ,
ನನ್ನೆಡಕ್ಕೆ ಕೂತ ಅಂತೋನಿಯಮ್ಮ ಅದನ್ನು ತಮಿಳಿಗಿಳಿಸಿ
ಹಿಂದಿನ ಸಾಲಿಗೆ ದಾಟಿಸುತ್ತಾಳೆ,
ಕೆಜಿಎಫ್‌ನಿಂದ ಬೆಳಗಿನ ರೈಲಿಗೆ ಬಂದ ಏಳು ಹೆಂಗಸರಿಗೆ.
ನಾಲ್ಕು ಬಾಯಿ ದಾಟುವಷ್ಟರಲ್ಲಿ
ಒಂದು ಸಾವು ನುಣ್ಣಗೆ ಸವೆದಿರುತ್ತದೆ ಅಂದುಕೊಂಡಿದ್ದೆ.
ಇಲ್ಲ.
ಹಿಂದೆ ಯಾರೋ ಸೆರಗನ್ನು ಬಾಯಿಗೊತ್ತಿಕೊಂಡರು.
ಮಾಲೆರಾಟೊ ತಿರುಗಿ ನೋಡಿದಳು.
ಅದನ್ನು ಯಾರೂ ಅನುವಾದಿಸಲಿಲ್ಲ.

ಕನ್ಸೆಂಟ್ ಎಂಬ ಪದ ಬಂತು. ಒಪ್ಪಿಗೆ, ಅಂದೆ.
ಸಂಡೂರಿನ ಹುಲಿಗೆವ್ವ ಕೈ ಎತ್ತಿದಳು:
"ಒಪ್ಪಿಗಿ ಅಂದ್ರ ಏನ್ರಿ? ಪೆಂಡಾಲ ಹಾಕಿದ್ರು,
ಉಪ್ಪಿಟ್ಟು ತಿಂದವರ ಹೆಬ್ಬೆಟ್ಟು ಒತ್ತಿಸ್ಕೊಂಡ್ರು.
ಅದಕ್ಕೂ ಒಪ್ಪಿಗಿ ಅಂತಾರೇನು?"
ನಾನು ಇಂಗ್ಲಿಷು ಮಾಡಿದೆ,
ಹುಡುಗ ಉಪ್ಪಿಟ್ಟಿನ ಹತ್ತಿರ ತಡವರಿಸಿ
ಜೋಳದ ಗಂಜಿ ಅಂದನಂತೆ.
ಮಾಲೆರಾಟೊ ನಕ್ಕಳು, ಕಂಬಳಿ ಜಾರುವಷ್ಟು.
"ವಜ್ರದವರು ನಮ್ಮ ಗುಡ್ಡಕ್ಕೆ ಬಂದಾಗ
ಕೋಳಿ ಕೊಟ್ಟರು. ಆಮೇಲೆ ಸಹಿ."
ಹುಲಿಗೆವ್ವ ಅಂದಳು: "ಕೋಳಿನಾ? ನಮಗ ಅದೂ ಇಲ್ಲ ನೋಡವ್ವ."

ಸಂಜೆ ಠರಾವಿನ ಕರಡು ನನ್ನ ಮೇಲೆ ಬಿತ್ತು.
'ಗಣಿ ಸಂತ್ರಸ್ತರಾದ ನಾವು' ಎಂದು ಶುರು ಮಾಡಿದೆ.
ಅಂತೋನಿಯಮ್ಮ ಆ ಪದದ ಮೇಲೆ ಬೆರಳಿಟ್ಟಳು.
ನಲವತ್ತು ವರ್ಷ ಸಯನೈಡ್ ದಿಬ್ಬದ ಗಾಳಿಗೆ
ಬಟ್ಟೆ ಒಣಹಾಕಿದ ಬೆರಳು.
"ಇದು ಬೇಡಮ್ಮ. ಬಾಕಿ ಬರಬೇಕಾದವರು ಅಂತ ಬರಿ."
ಬರೆದೆ.
ಇಂಗ್ಲಿಷಿನಲ್ಲಿ ಅದು ಬ್ಯಾಂಕಿನವರ ಮಾತಿನಂತೆ ಕೇಳಿತು.
ಕೇಳಲಿ, ಅಂದಳು.

ಎರಡನೆಯ ದಿನ, ಬೆಳಗಿನ ಐದೂವರೆ, ನಗರ್ತಪೇಟೆ.
ಚಿನ್ನ ಕೊನೆಗೆ ಎಲ್ಲಿಗೆ ಬರುತ್ತದೆ
ನೋಡಬೇಕು ಎಂದಿದ್ದಳು ಮಾಲೆರಾಟೊ, ಅರೆಬರೆ ಇಂಗ್ಲಿಷಿನಲ್ಲಿ.
ಶಟರುಗಳೆಲ್ಲ ಮುಚ್ಚಿದ್ದವು.
ಚಿನ್ನ ಇರಲಿಲ್ಲ. ಕುಕ್ಕರಗಾಲಲ್ಲಿ ಒಬ್ಬ,
ಅಕ್ಕಸಾಲಿಗರ ಬಾಗಿಲ ಮುಂದಿನ ಕಲ್ಲುಸಂದಿಗಳನ್ನು
ಬ್ರಷ್ಷಿನಿಂದ ಗುಡಿಸಿ
ತಗಡಿನ ಮೊರಕ್ಕೆ ಎಳೆದುಕೊಳ್ಳುತ್ತಿದ್ದ.
ಗಲ್ಲಿಯ ಕಸಕ್ಕೆ ವರ್ಷದ ಗುತ್ತಿಗೆಯಂತೆ.
ತೊಳೆದು, ಸೋಸಿ, ಕರಗಿಸಿದರೆ ಒಂದಿಷ್ಟು ಸಿಗುತ್ತದೆ.

"ಈ ಧೂಳನ್ನು ತೂಗುತ್ತಾರಾ?" ಕೇಳಿದಳು.
ಕನ್ನಡ ಮಾಡಿದೆ.
"ತೂಗದೆ ಮತ್ತೆ? ಗುಲಗಂಜಿಯಷ್ಟೂ ಬಿಡಲ್ಲ."
ಇಂಗ್ಲಿಷು ಮಾಡಿದೆ.

ಅವಳು ಅವನ ಎದುರು ಕೂತಳು.
ಅವನು ಗುಡಿಸುವುದನ್ನು ನಿಲ್ಲಿಸಲಿಲ್ಲ.
ಧೂಳು ಎದ್ದಾಗ ಕಂಬಳಿಯ ತುದಿಯನ್ನು
ತನ್ನ ಮೂಗಿಗಲ್ಲ, ಅವನ ಮೂಗಿಗೆ ಹಿಡಿದಳು.
ಅವನು ಗಾಬರಿಯಾಗಿ ನನ್ನ ಕಡೆ ನೋಡಿದ,
ಏನಂತೆ ಈಯಮ್ಮಂದು?
ಅವಳು ತನ್ನ ಭಾಷೆಯಲ್ಲಿ ಏನೋ ಅಂದಳು, ಸಣ್ಣದು,
ಮೂರೋ ನಾಲ್ಕೋ ಪದ.
ಹುಡುಗ ಜೊತೆಗಿರಲಿಲ್ಲ.

ಆಟೋ, ನಗರ್ತಪೇಟೆಗೆ ಹೋಗಿ ಬಂದದ್ದು: ಮುನ್ನೂರ ತೊಂಬತ್ತು.
ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ್ದರಿಂದ ನಾನೇ ಕೊಟ್ಟಿದ್ದೇನೆ.
ಅನುವಾದ: ಎರಡು ದಿನ, ಆರು ಸಾವಿರ, ಸಂದಿದೆ.
ಒಂದು ಮಾತು ಬಾಕಿ.